ಅಂದದ ಬೋರ್ಡು, ಅಕ್ಕೋರ ಟಿವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಭಾನುವಾರ ಖಾನಾಪುರದ ಒಂದು ಗಲ್ಲಿಯ ಟಿವಿಗಳನ್ನೆಲ್ಲ ಕೆಡಿಸಿದವನು ನಾನೇ. ಟಿವಿಗಳನ್ನೆಲ್ಲ ಎಂದರೆ ಎರಡು. ಎಂಬತ್ತರ ದಶಕದಲ್ಲಿ ಆ ಗಲ್ಲಿಯಲ್ಲಿ ಇದ್ದದ್ದೇ ಅಷ್ಟು. ಕಲ್ಲು ಹೊಡೆದು ಕೆಡಿಸಲಿಲ್ಲ, ತಂತಿ ಕತ್ತರಿಸಿ ಕೆಡಿಸಲಿಲ್ಲ. ಬಹಳ ಚಂದದ ಒಂದು ವಸ್ತುವನ್ನು ನನ್ನ ಕೈಯಾರೆ ಮಾಡಿ, ಮಾಳಿಗೆಯ ಮೇಲೆ ಕಟ್ಟಿ, ಅದರ ಚಂದವನ್ನು ನಾನೇ ಹೊಗಳಿಕೊಳ್ಳುತ್ತ ಕೆಡಿಸಿದೆ. ಆಮೇಲೆ ಇನ್ನೊಬ್ಬರ ದನಿಯಲ್ಲಿ ಒಂದು ಸುಳ್ಳನ್ನೂ ಹೇಳಿದೆ. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಎಲ್ಲವನ್ನೂ ಇಲ್ಲೇ ಒಪ್ಪಿಕೊಂಡರೆ ನೀವು ಮುಂದೆ ಓದುವುದಿಲ್ಲ.

ಆಗ ನನಗೆ ಇಪ್ಪತ್ತೆರಡು ವರ್ಷ. ಮೂರು ವರ್ಷದ ಡಿಪ್ಲೊಮಾವನ್ನು ನಾಲ್ಕು ವರ್ಷ ಗಟ್ಟಿಯಾಗಿ ಓದಿ ಮುಗಿಸಿ, ಬೆಳಗಾವಿಯ ಖಡೇಬಜಾರದ ಹಿಂದಿನ ಗಲ್ಲಿಯಲ್ಲಿದ್ದ ಒಂದು ರೇಡಿಯೋ-ಟಿವಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ನನಗೆ ಬರುತ್ತಿದ್ದ ವಿದ್ಯೆಗಳು ಎರಡು. ಒಂದು, ಜನರ ದನಿ, ನಡಿಗೆ, ಕೆಮ್ಮನ್ನು ಇದ್ದಂತೆ ಅಣಕಿಸಿ ತೆಗೆಯುವುದು. ಅಂಗಡಿಗೆ ಬಂದ ಗಿರಾಕಿ ಮೆಟ್ಟಿಲಿಳಿದು ಬೀದಿ ದಾಟುವುದರೊಳಗೆ ನಾನು ಅವನಾಗಿಬಿಡುತ್ತಿದ್ದೆ. ಎರಡನೆಯದು, ಆಂಪ್ಲಿಫೈಯರಿನ ಬೋರ್ಡು ಮಾಡುವುದು. ಗಣಪತಿ ಮಂಡಳಗಳ ಧ್ವನಿವರ್ಧಕಕ್ಕೆ ನಾನು ಮಾಡಿಕೊಟ್ಟ ಬೋರ್ಡುಗಳು ನಗರದ ಐದಾರು ಗಲ್ಲಿಗಳಲ್ಲಿ ಕೂಗುತ್ತಿದ್ದವು. ತಾಮ್ರದ ಹಾಳೆ ಅಂಟಿಸಿದ ತುಂಡಿನ ಮೇಲೆ ಅಕ್ಕನ ಉಗುರುಬಣ್ಣದಿಂದ ಗೆರೆ ಎಳೆದು, ತಾಟಿನಲ್ಲಿ ಕಂದುಬಣ್ಣದ ದ್ರಾವಣ ಹಾಕಿ ಮುಳುಗಿಸಿದರೆ, ಬಣ್ಣದ ಕೆಳಗಿನ ತಾಮ್ರ ಉಳಿದು ಮಿಕ್ಕಿದ್ದೆಲ್ಲ ಕರಗಿಹೋಗುತ್ತದೆ. ಆ ಗೆರೆಗಳೇ ತಂತಿಗಳು. ನನ್ನ ಗೆರೆಗಳು ಎಷ್ಟು ನೆಟ್ಟಗಿದ್ದವೆಂದರೆ, ಬೋರ್ಡನ್ನು ಪೆಟ್ಟಿಗೆಯೊಳಗೆ ಮುಚ್ಚುವಾಗ ನನಗೆ ಸಂಕಟವಾಗುತ್ತಿತ್ತು. ಅಕ್ಕನಿಗೂ ಸಂಕಟವಾಗುತ್ತಿತ್ತು, ಅವಳದು ಉಗುರುಬಣ್ಣದ ಸಂಕಟ.

ಅಂಗಡಿಯ ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಸಾಂಬ್ರಾದ ಕಡೆ ವಿಮಾನದ ರೇಡಿಯೋ ಸೆಟ್ಟುಗಳ ಮುಂದೆ ಅರ್ಧ ಆಯುಷ್ಯ ಕೂತು ನಿವೃತ್ತರಾದವರು. ಮಾತು ಕಮ್ಮಿ. ಯಾವ ಮಾತಾದರೂ ಶುರುವಾಗಬೇಕಾದರೆ ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಹಂಗಲ್ಲದು’ ಅನ್ನಬೇಕು. ‘ಕಾಕಾ, ಊಟ ಆತೇನ್ರಿ’ ಎಂದರೂ ‘ಹಂಗಲ್ಲದು, ಆತು’ ಅನ್ನುವವರು. ಅವರನ್ನು ತೆಗೆಯುವುದು ನನಗೆ ಎಡಗೈ ಕೆಲಸವಾಗಿತ್ತು. ಎಷ್ಟೆಂದರೆ, ಒಮ್ಮೆ ನಾನು ಒಳಗಿನಿಂದ ಅವರ ದನಿಯಲ್ಲಿ ‘ಚಹಾ ತಗೊಂಡು ಬಾ’ ಎಂದದ್ದಕ್ಕೆ ಚಹಾದಂಗಡಿಯವನು ಎರಡು ಕಪ್ಪು ತಂದಿಟ್ಟು, ಖಾಲಿ ಖುರ್ಚಿಗೆ ನಮಸ್ಕಾರ ಮಾಡಿ ಹೋದ.

ಕಾಕಾನ ಹೆಸರಿದ್ದದ್ದು ಬೂಸ್ಟರಿನಲ್ಲಿ. ಆಗ ನಮ್ಮ ಕಡೆಗೆ ಟಿವಿ ಸಿಗುತ್ತಿದ್ದದ್ದು ಘಟ್ಟದ ಕೆಳಗೆ ಗೋವಾದ ಕಡೆಯಿಂದ. ಅಲ್ಲಿಯ ಸಣ್ಣ ಕೇಂದ್ರವೊಂದು ಮುಂಬಯಿಯ ಕಾರ್ಯಕ್ರಮಗಳನ್ನು ಮರುಪ್ರಸಾರ ಮಾಡುತ್ತಿತ್ತು. ಆ ಸಿಗ್ನಲ್ಲು ಕಾಡು ದಾಟಿ, ಘಟ್ಟ ಹತ್ತಿ, ಖಾನಾಪುರಕ್ಕೆ ಬರುವುದರೊಳಗೆ ಉಸಿರಿಲ್ಲದಂತಾಗಿರುತ್ತಿತ್ತು. ಪರದೆಯ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ, ಅದರ ಹಿಂದೆ ಯಾರೋ ಒಬ್ಬರು. ಆಂಟೆನಾದ ಬುಡಕ್ಕೇ ಒಂದು ಸಣ್ಣ ಪೆಟ್ಟಿಗೆ ಕಟ್ಟಿ, ಆ ಸೋತ ಸಿಗ್ನಲ್ಲನ್ನು ಎತ್ತಿ ಹಿಡಿದು ಕೆಳಗೆ ಕಳಿಸಬೇಕು. ಆ ಪೆಟ್ಟಿಗೆಯೇ ಬೂಸ್ಟರು. ಒಳಗಿರುವುದು ಒಂದು ಆಂಪ್ಲಿಫೈಯರು. ಆದರೆ ನನ್ನ ಗಣಪತಿ ಮಂಡಳದ ಆಂಪ್ಲಿಫೈಯರಿನಂತೆ ಮನುಷ್ಯರ ಹಾಡನ್ನು ದೊಡ್ಡದು ಮಾಡುವುದಲ್ಲ. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಲುಗುವ ಸಿಗ್ನಲ್ಲನ್ನು ದೊಡ್ಡದು ಮಾಡುವಂಥದ್ದು.

ಆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮಾತ್ರ ಹೇಸಿಕೆ. ಕಾಕಾ ಬೋರ್ಡೇ ಮಾಡುತ್ತಿರಲಿಲ್ಲ. ತಾಮ್ರದ ಹಾಳೆಯನ್ನು ಒಂದಿಷ್ಟೂ ಕರಗಿಸದೆ ಹಾಗೇ ಇಟ್ಟು, ಅದರ ಮೇಲೆ ಬಿಡಿಭಾಗಗಳನ್ನು ಒಂದಕ್ಕೊಂದು ಅಂಟಿಸಿ ಬೆಸುಗೆ ಹಾಕುತ್ತಿದ್ದರು. ಟ್ರಾನ್ಸಿಸ್ಟರು ಅಂಗಾತ ಬಿದ್ದಿರುತ್ತಿತ್ತು, ಸತ್ತ ಜಿರಳೆಯಂತೆ ಕಾಲು ಮೇಲೆ ಮಾಡಿ. ಆ ಕಾಲುಗಳನ್ನೂ ಬುಡಕ್ಕೆ ಕತ್ತರಿಸುತ್ತಿದ್ದರು. ‘ಕಾಲು ಕಡಿ’ ಎಂಬುದು ನನಗೆ ಅವರ ದಿನನಿತ್ಯದ ಉಪದೇಶ. ಬೆಂಕಿಕಡ್ಡಿಯೊಂದನ್ನು ಪಕ್ಕಕ್ಕೆ ಹಿಡಿದು ನೋಡುವರು. ತಂತಿ ಕಡ್ಡಿಯ ಮದ್ದಿಗಿಂತ ಉದ್ದವಿದ್ದರೆ, ‘ಹಂಗಲ್ಲದು. ಕಾಲು ಕಡಿ.’

‘ಕಾಕಾ, ಒಳಗ ಒಂದ ಸಲ ನೋಡಿದ್ರ ಗಿರಾಕಿ ಓಡಿಹೋಗ್ತಾನ’ ಎಂದು ನಾನು ಒಮ್ಮೆ ಹೇಳಿದೆ.

‘ಹಂಗಲ್ಲದು. ಗಿರಾಕಿ ಟಿವಿ ನೋಡ್ತಾನ.’

ಆ ಚಳಿಗಾಲ ಅಂಗಡಿಗೆ ಖಾನಾಪುರದ ಅಕ್ಕೋರು ಬಂದರು. ಹೆಣ್ಣುಮಕ್ಕಳ ಸಾಲಿಯ ಮುಖ್ಯ ಶಿಕ್ಷಕಿ. ತೆಳ್ಳಗೆ, ನೆಟ್ಟಗೆ, ಛತ್ರಿಯನ್ನು ಕೋಲಿನಂತೆ ಊರಿಕೊಂಡು. ಅವರ ಸಾಲಿಯ ಎಂಟು ಹುಡುಗಿಯರು ಮುಂಬಯಿಗೆ ಹೋಗಿ ಟಿವಿಗೆ ಕೈಯಲ್ಲಿ ಗೆಜ್ಜೆಕೋಲು ಹಿಡಿದು ಲೇಝೀಮು ಕುಣಿದು ಬಂದಿದ್ದರು. ಕಾರ್ಯಕ್ರಮ ಇನ್ನೆರಡು ವಾರ ಬಿಟ್ಟು ಭಾನುವಾರ ಸಂಜೆ ಐದೂವರೆಗೆ. ಒಟ್ಟು ಏಳು ನಿಮಿಷ. ‘ಒಮ್ಮೆ ಹೋದ್ರ ಹೋತ್ರೀ, ಮತ್ತ ತೋರಸೂದಿಲ್ಲಂತ’ ಎಂದರು. ಹುಡುಗಿಯರು ತಾವು ಕುಣಿದದ್ದನ್ನು ತಾವು ಕಂಡಿಲ್ಲ. ಅವರ ತಂದೆತಾಯಿಗಳಂತೂ ಮುಂಬಯಿಯನ್ನೇ ಕಂಡಿಲ್ಲ. ಅಕ್ಕೋರು ಹಟ ಹಿಡಿದು ಒಂದು ಟಿವಿ ಕೊಂಡಿದ್ದರು. ಅದರಲ್ಲಿ ಅಕ್ಕಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

‘ಎಂಟೂ ಮನಿಯವ್ರಿಗೆ ಬರ್ರಿ ಅಂತ ಹೇಳೇನಿ’ ಎಂದರು ಅಕ್ಕೋರು. ‘ನನ್ನ ಮಾತು ಉಳಸ್ರಿ.’

‘ಹಂಗಲ್ಲದು. ಉಳಸೂಣು’ ಎಂದರು ಕಾಕಾ.

ಅವರು ಮೆಟ್ಟಿಲಿಳಿದದ್ದೇ ತಡ, ನಾನು ಒಂದು ಬೆಸುಗೆ ಕೋಲನ್ನು ಛತ್ರಿಯಂತೆ ಊರಿ, ಕುತ್ತಿಗೆ ಉದ್ದ ಮಾಡಿ, ‘ನನ್ನ ಮಾತು ಉಳಸ್ರಿ’ ಎಂದೆ. ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಚೀಲ ಮರೆತು ತಿರುಗಿ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ದನಿ ಬರೋಬ್ಬರಿ ಐತಿ, ತಮ್ಮಾ. ಛತ್ರಿ ಮಾತ್ರ ನಾ ಎಡಗೈಲೆ ಹಿಡೀತೀನಿ’ ಎಂದು ಚೀಲ ತೆಗೆದುಕೊಂಡು ಹೋದರು.

ಕಾಕಾ ಎರಡೇ ದಿನದಲ್ಲಿ ಬೂಸ್ಟರು ಮಾಡಿ ಮುಗಿಸಿದರು. ಆ ಜಾತಿಯ ಟ್ರಾನ್ಸಿಸ್ಟರು ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ, ಅದನ್ನೇ ಹಾಕಿದರು. ಅದು ಅವರ ಕಣ್ಣಿನ ಪೊರೆ ತೆಗೆಸುವುದಕ್ಕೆ ಮೊದಲಿನ ಕೊನೆಯ ಕೆಲಸ. ಆಪರೇಷನ್ ಮುಗಿಸಿ, ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ನಂದಗಡದ ತಂಗಿಯ ಮನೆಗೆ ವಿಶ್ರಾಂತಿಗೆ ಹೋದರು. ಹೋಗುವಾಗ ಪೆಟ್ಟಿಗೆ ನನ್ನ ಕೈಗಿಟ್ಟು, ‘ರವಿವಾರ ಒಯ್ದು ಕಟ್ಟು. ಮುಚ್ಚಳ ತಗೀಬ್ಯಾಡ’ ಎಂದರು.

ಬಸ್ಸು ಹೊರಟ ಕೂಡಲೇ ಮುಚ್ಚಳ ತೆಗೆದೆ.

ಸತ್ತ ಜಿರಳೆ. ಸುತ್ತ ಅದರ ಬಂಧುಬಳಗ. ನನ್ನ ಛತ್ರಿ ಎಡಗೈಯಲ್ಲಿರಬೇಕಿತ್ತು ಎಂದು ತಿದ್ದಿದ ಹೆಣ್ಣುಮಗಳ ಮನೆಗೆ ಇದನ್ನು ಒಯ್ಯಲು ನನಗೆ ನಾಚಿಕೆಯಾಯಿತು. ಆಂಪ್ಲಿಫೈಯರು ಅಂದರೆ ಆಂಪ್ಲಿಫೈಯರೇ ತಾನೆ, ಇಪ್ಪತ್ತು ಮಾಡಿದ್ದೇನೆ, ಇದೊಂದು ಇಪ್ಪತ್ತೊಂದನೆಯದು ಅಂದುಕೊಂಡೆ. ಆ ಟ್ರಾನ್ಸಿಸ್ಟರನ್ನು ಕಿತ್ತೆ. ಮೂರು ದಿನ ಕೂತು ನನ್ನ ಜೀವಮಾನದ ಅತ್ಯಂತ ಸುಂದರ ಬೋರ್ಡನ್ನು ಮಾಡಿದೆ.

ಈಗ ಅದರ ಒಂದೊಂದು ಅಂದವನ್ನೂ ವರ್ಣಿಸುತ್ತೇನೆ, ಯಾಕೆಂದರೆ ಒಂದೊಂದೂ ಒಂದೊಂದು ತಪ್ಪು. ಕಾಕಾ ಉಳಿಸುತ್ತಿದ್ದ ತಾಮ್ರವನ್ನೆಲ್ಲ ಕರಗಿಸಿ, ಸುತ್ತ ಇಳಕಲ್ ಸೀರೆಯ ದಡಿಯಂತೆ ಒಂದು ತೆಳುಗೆರೆ ಬಿಟ್ಟೆ. ಬಿಡಿಭಾಗಗಳು ಉಸಿರಾಡಲಿ ಎಂದು ದೂರದೂರ ನಿಲ್ಲಿಸಿದೆ, ಪ್ರಾರ್ಥನೆಗೆ ನಿಂತ ಮಕ್ಕಳಂತೆ, ಎಲ್ಲರ ಕಾಲೂ ಒಂದೇ ಎತ್ತರ. ಟ್ರಾನ್ಸಿಸ್ಟರಿನ ಪಕ್ಕದಲ್ಲೇ ಇದ್ದು, ಅದಕ್ಕೆ ಬೇಕೆಂದಾಗ ಗುಟುಕು ಗುಟುಕು ಕರೆಂಟು ಕೊಡಬೇಕಾದ ಒಂದು ಕೆಪ್ಯಾಸಿಟರಿದೆ. ಅದನ್ನು ಎಡಮೂಲೆಗೆ ಕಳಿಸಿದೆ, ಯಾಕೆಂದರೆ ಬಲಮೂಲೆಯಲ್ಲಿ ಅದರ ಜೋಡಿ ಇತ್ತು. ಸಿಗ್ನಲ್ಲು ಒಳಬರುವ ಬಾಯಿ, ಹೊರಹೋಗುವ ಬಾಯಿ ಎರಡನ್ನೂ ಒಂದೇ ಬದಿಗೆ ಅಕ್ಕಪಕ್ಕ ಕೂರಿಸಿದೆ. ಜೋಡಿ ಲೋಲಕಿನಂತೆ ಕಾಣುತ್ತಿದ್ದವು.

ಅಂಗಡಿಯಲ್ಲಿ ಪರೀಕ್ಷೆಯೂ ಆಯಿತು. ನಗರದ ಆ ಸಂದಿಯಲ್ಲಿ ಸಿಗ್ನಲ್ಲೇ ಇರಲಿಲ್ಲ. ಬೂಸ್ಟರು ಹಚ್ಚಿದ ಕೂಡಲೇ ಪರದೆಯ ಮೇಲಿನ ಅಕ್ಕಿ ದಪ್ಪಗಾಗಿ, ಬೆಳ್ಳಗಾಗಿ, ರಭಸದಿಂದ ಕುಣಿಯತೊಡಗಿತು. ಎಂಥ ತಾಕತ್ತು ಅಂದುಕೊಂಡೆ. ಕನ್ನಡಿಯ ಮುಂದೆ ನಿಂತು ಕಾಕಾನ ದನಿಯಲ್ಲಿ ನನಗೆ ನಾನೇ ಶಾಭಾಸ್ ಹೇಳಿಕೊಂಡೆ. ಅಸಲು ಕಾಕಾ ಶಾಭಾಸ್ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಂದಾಜಿನ ಮೇಲೆ ತೆಗೆದೆ.

ಭಾನುವಾರ ಬೆಳಗಿನ ಗಾಡಿ ಹಿಡಿದೆ. ದೇಸೂರ ದಾಟುವಾಗ ಎದುರಿಗೆ ಕೂತ ಅಜ್ಜನಿಗೆ ಮುಚ್ಚಳ ತೆಗೆದು ಬೋರ್ಡು ತೋರಿಸಿದೆ. ‘ಭಾಳ ನಾಜೂಕ ಐತಿ. ಯಾರಿಗಿ ಮಾಡಿಸಿದ್ದು, ಹೆಣ್ಣಿಗೇನು?’ ಎಂದರು. ಟಿವಿಗೆ ಎಂದೆ. ಅವರು ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು.

ಅಕ್ಕೋರ ಮನೆಯ ಅಡುಗೆಕೋಣೆಯ ಮೇಲೆ ಸಣ್ಣ ಮಾಳಿಗೆ. ಅಲ್ಲಿ ಕಬ್ಬಿಣದ ಪೈಪಿಗೆ ಆಂಟೆನಾ. ಹನ್ನೊಂದಕ್ಕೆಲ್ಲ ಬೂಸ್ಟರು ಕಟ್ಟಿದೆ. ಎಂಟೂ ಹುಡುಗಿಯರು ಆಗಲೇ ಬಂದು ಸೇರಿದ್ದರು. ಟಿವಿ ಮುಂದೆ ಮೂವರು, ಪಡಸಾಲೆಯಲ್ಲಿ ಇಬ್ಬರು, ಅಂಗಳದಲ್ಲಿ ಮೂವರು. ಪರದೆಯ ಸುದ್ದಿಯನ್ನು ಬಾಯಿಂದ ಬಾಯಿಗೆ ಮಾಳಿಗೆಗೆ ದಾಟಿಸುವ ವ್ಯವಸ್ಥೆ. ಸ್ವಿಚ್ಚು ಹಾಕಿಸಿದೆ.

‘ಏನೈತಿ?’

‘ಕರೀ ಮೀನಿನ ಎಲಬು ಅದಾವ್ರೀ, ಓಡಾಡಾಕತ್ತಾವ’ ಎಂಬ ಸುದ್ದಿ ಎಂಟು ಬಾಯಿ ದಾಟಿ ಬಂತು.

ಕೇಬಲ್ಲು ಸರಿಯಾಗಿ ಕೂತಿಲ್ಲವೇನೋ ಎಂದು ಕೈ ಹಾಕಿದೆ. ‘ಬಂತ್ರೀ’ ಎಂಬ ಕೂಗು. ಕೈ ಬಿಟ್ಟೆ. ‘ಹೋತ್ರೀ.’ ಹಿಡಿದೆ. ‘ಬಂತ್ರೀ.’ ಬಿಟ್ಟೆ. ‘ಹೋತ್ರೀ.’ ಸ್ವಲ್ಪ ಹೊತ್ತಿಗೆ ಅವರಿಗೆ ಅದೊಂದು ಲೇಝೀಮಿನ ತಾಳವೇ ಆಗಿಬಿಟ್ಟಿತು. ಸುಮಾರು ಒಂದೂವರೆ ತಾಸು ಪ್ರಯೋಗ ಮಾಡಿ ನಾನು ಕಂಡುಹಿಡಿದದ್ದು ಇಷ್ಟು: ಪೆಟ್ಟಿಗೆಯಿಂದ ಒಂದು ಗೇಣು ಕೆಳಗೆ ಎಡಗೈಯಿಂದ ಕೇಬಲ್ಲು ಹಿಡಿದು, ಬಲಗೈಯನ್ನು ಪೈಪಿಗೆ ತಾಗಿಸಿ, ಬಲಗಾಲು ಎತ್ತಿದರೆ ಚಿತ್ರ ನಿಚ್ಚಳ. ಕಾಲು ಊರಿದರೆ ಮೀನಿನ ಎಲಬು.

ಅಕ್ಕೋರು ಅಂಗಳಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

‘ಸಂಜೀಗೂ ಹಿಂಗ ನಿಂದರ್ತೀ ಏನು?’

‘ನಿಂದರ್ತೀನ್ರಿ ಅಕ್ಕೋರ. ಏಳು ನಿಮಿಷ ಅಲ್ಲ?’

‘ಎರಡ ಕಾಲ ಮ್ಯಾಲ ನೀ ಏಳು ನಿಮಿಷ ಸುಮ್ಮ ನಿಂತದ್ದು ನಾ ಕಂಡಿಲ್ಲ. ಒಂದ ಕಾಲ ಮ್ಯಾಲ ಹೆಂಗ ನಂಬಲಿ?’ ಎಂದರು. ನಗಲಿಲ್ಲ. ದನಿಯಲ್ಲಿ ಗಾಬರಿ ಇತ್ತು. ಕೆಳಗೆ ಅಂಗಳದಲ್ಲಿದ್ದ ಮೂವರು ಹುಡುಗಿಯರು ಸಂಜೆಗೆಂದು ಆಗಲೇ ಹೊಸ ಲಂಗ ಉಟ್ಟು ಬಂದಿದ್ದರು.

ಅಷ್ಟರಲ್ಲಿ ಬಾಜು ಮನೆಯಿಂದ ಗುಡುಗು. ಅಲ್ಲಿದ್ದದ್ದು ಅಕ್ಕಿ ಗಿರಣಿಯ ಸಾವಕಾರರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಜೈನ ಮನೆತನ. ಗಲ್ಲಿಯ ಮೊದಲನೆಯ ಟಿವಿ ಅವರದು, ಅದನ್ನು ಮಾರಿ ಬೂಸ್ಟರು ಕಟ್ಟಿದ್ದೂ ನಮ್ಮ ಕಾಕಾನೇ. ಎಂಟರಲ್ಲಿ ನಾಲ್ಕನೆಯ ಹುಡುಗಿ ಅವರ ಮೊಮ್ಮಗಳು. ಇವತ್ತಿನ ಏಳು ನಿಮಿಷ ಅವರದೂ ಆಗಿತ್ತು.

‘ಯಾರದು ಮಾಳಗಿ ಮ್ಯಾಲ? ಮುಂಜಾನಿಂದ ನಮ್ಮ ಟಿವಿ ತುಂಬ ಕರೀ ಪಟ್ಟಿ ಬರಾಕತ್ತಾವ. ಏನ ಹಚ್ಚೀರಿ ಅಲ್ಲಿ?’

ನಡುವೆ ಹಲಸಿನ ಮರ. ಅವರಿಗೆ ನಾನು ಕಾಣುವುದಿಲ್ಲ, ನನಗೆ ಅವರು ಕಾಣುವುದಿಲ್ಲ. ಮನುಷ್ಯನಿಗೆ ಬುದ್ಧಿ ಕೈಕೊಟ್ಟಾಗ ಇರುವ ವಿದ್ಯೆಯನ್ನೇ ಬಳಸುತ್ತಾನೆ. ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ.

‘ಹಂಗಲ್ಲದು, ಸಾವಕಾರ್ರ. ಅದು ಮೋಡರೀ. ಘಟ್ಟದ ಕಡೆ ಮೋಡ ಬಂದಾವ. ಸಂಜೀಕ ಸರೀತಾವ.’

ಗುಡುಗು ತಟ್ಟನೆ ತಣ್ಣಗಾಯಿತು.

‘ಕಾಕಾ, ನೀವು ಬಂದೀರಿ? ಕಣ್ಣಿನ ಆಪರೇಷನ್ ಆಗೈತಿ ಅಂದಿದ್ರು. ಮಾಳಗಿ ಹೆಂಗ ಏರಿದ್ರಿ?’

‘ಹಂಗಲ್ಲದು. ಕಣ್ಣ ಮುಚ್ಚಿಕೊಂಡ ಏರಿದೆ.’

‘ಜ್ವಾಕಿ ರೀ ಮತ್ತ’ ಎಂದು ಸಾವಕಾರರು ಒಳಗೆ ಹೋದರು. ನನ್ನ ಪ್ರತಿಭೆಗೆ ನಾನೇ ತಲೆದೂಗಿ ಕೆಳಗೆ ನೋಡಿದೆ. ಅಂಗಳದ ಮೂವರು ಹುಡುಗಿಯರೂ ಬಾಯಿಗೆ ಕೈ ಮುಚ್ಚಿಕೊಂಡಿದ್ದರು. ಅವರ ಪಕ್ಕದಲ್ಲಿ, ಕಟ್ಟೆಯ ಮೇಲೆ, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಅಸಲು ಕಾಕಾ ಕೂತಿದ್ದರು. ಅಕ್ಕೋರು ಅವರನ್ನೂ ಕಾರ್ಯಕ್ರಮ ನೋಡಲು ಕರೆದಿದ್ದರಂತೆ. ನಂದಗಡದ ಬಸ್ಸಿಳಿದು ಆಗಷ್ಟೇ ಬಂದಿದ್ದರು.

ಕಾಕಾ ಪಕ್ಕದ ಹುಡುಗಿಗೆ ಹೇಳಿದರು: ‘ಮ್ಯಾಲಿನ ಕಾಕಾಗ ಕೆಳಗಿನ ಕಾಕಾ ಕರಿಯಾಕತ್ತಾನ ಅಂತ ಹೇಳವ್ವಾ. ಬರೂಮುಂದ ಪೆಟಗಿ ಬಿಚ್ಚಿಕೊಂಡು ಬಾ ಅನ್ನು.’

ಪೆಟ್ಟಿಗೆ ಬಿಚ್ಚಿಕೊಂಡು ಇಳಿದೆ. ಕಾಕಾ ಅದನ್ನು ತೆಗೆದು, ಪಟ್ಟಿಯಿಲ್ಲದ ಕಣ್ಣಿಗೆ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ, ಉಗುರಿನಿಂದ ಒಂದೊಂದು ಕಾಲನ್ನೂ ಮುಟ್ಟಿ ನೋಡಿದರು. ಬಹಳ ಹೊತ್ತಾಯಿತು. ಬೈದಿದ್ದರೆ ಚೆನ್ನಾಗಿತ್ತು.

‘ಚಂದ ಐತಿ’ ಎಂದರು. ಮೊದಲಿಗೆ ‘ಹಂಗಲ್ಲದು’ ಕೂಡ ಅನ್ನಲಿಲ್ಲ.

ಬೋರ್ಡನ್ನು ಕೈಯಲ್ಲೇ ಹಿಡಿದು ನನ್ನನ್ನು ಕೇಳಿದರು:

‘ಗಣಪತಿ ಮಂಟಪದಾಗ ಮೈಕ ಹಿಡಿದವ ಸ್ಪೀಕರಿನ ಕರ್ಣಿ ಮುಂದ ಹೋಗಿ ನಿಂತ್ರ ಏನ ಆಕ್ಕೈತಿ?’

‘ಕುಂಯ್ ಅಂತ ಒದರತೈತ್ರಿ.’

‘ಯಾಕ?’

‘ಕರ್ಣಿ ಒದರಿದ್ದು ಮೈಕಿಗೆ ಕೇಳತೈತಿ, ಮೈಕಿಗೆ ಕೇಳಿದ್ದು ಮತ್ತ ಕರ್ಣಿ ಒದರತೈತಿ.’

‘ಇದೂ ಕುಂಯ್ ಅನ್ನಾಕತ್ತೈತಿ. ಹೊರಗ ಹೋಗೂ ಬಾಯಿ, ಒಳಗ ಬರೂ ಬಾಯಿ ಎರಡೂ ಮಗ್ಗಲಕ್ಕ ಮಗ್ಗಲ ಕುಂದರಿಸಿ. ತಾ ಅಂದದ್ದ ತಾ ಕೇಳಿ ತಾನ ಒದರಾಕತ್ತೈತಿ. ನಿನ್ನ ಕಿವಿಗೆ ಕೇಳಂಗಿಲ್ಲ, ಅಷ್ಟ. ಸಾವಕಾರ್ರ ಟಿವಿಗೆ ಕೇಳತೈತಿ.’

ಇಪ್ಪತ್ತು ಮಂಡಳಗಳಲ್ಲಿ ಆ ಕುಂಯ್ ಕೇಳಿ, ಮೈಕು ಹಿಡಿದವರಿಗೆ ‘ಹಿಂದ ಸರೀರಿ’ ಎಂದು ಬುದ್ಧಿ ಹೇಳಿದವನು ನಾನು. ನನ್ನ ಬೋರ್ಡಿಗೆ ಹೇಳಲು ಹೊಳೆದಿರಲಿಲ್ಲ. ಕಾಕಾ ಮೆಲ್ಲಗೆ ಮಿಕ್ಕದ್ದನ್ನೂ ಹೇಳಿದರು. ಹಾಡಿನ ಆಂಪ್ಲಿಫೈಯರಿನಲ್ಲಿ ಕರೆಂಟು ನಿಧಾನಸ್ಥ. ಅರ್ಧ ಇಂಚು ತಂತಿ ಹೆಚ್ಚಾದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಇಲ್ಲಿ ಅದು ಕೋಟಿ ಸಲ ಅಲುಗುವಂಥದ್ದು. ಅದಕ್ಕೆ ಅರ್ಧ ಇಂಚು ಎಂದರೆ ಬೆಳಗಾವಿಯಿಂದ ಖಾನಾಪುರ. ನೇರ ನಿಂತ ಕಾಲು ಅದಕ್ಕೆ ಕಾಲಲ್ಲ, ಒಂದು ಸುರುಳಿ, ಒಂದು ಆಂಟೆನಾ. ತಾಮ್ರ ಅಗಲವಾಗಿ ಹಾಸಿರದಿದ್ದರೆ ಅದಕ್ಕೆ ನೆಲವೇ ಸಿಗುವುದಿಲ್ಲ. ನೆಲ ಸಿಗದ್ದಕ್ಕೇ ನನ್ನ ಕೈಯನ್ನೂ ಕಾಲನ್ನೂ ಹಿಡಿದುಕೊಂಡು ನಿಲ್ಲುತ್ತಿತ್ತು. ಇದನ್ನೆಲ್ಲ ನನಗೆ ಮೂರು ವರ್ಷದಿಂದ ಎರಡೇ ಪದಗಳಲ್ಲಿ ಹೇಳುತ್ತ ಬಂದಿದ್ದರು: ಕಾಲು ಕಡಿ.

‘ಆತು. ನಾ ಮಾಡಿದ್ದು ಎಲ್ಲೈತಿ?’

‘ಅಂಗಡ್ಯಾಗರೀ.’

‘ಎರಡರ ಗಾಡಿಗೆ ಹೋಗಿ ತಂದ್ರ ಐದರ ಒಳಗ ಬರ್ತಿ?’

‘ಬರಬಹುದ್ರೀ. ಆದರ’ ಎಂದು ನಿಲ್ಲಿಸಿ, ಅವರ ಕೈಯಲ್ಲಿದ್ದ ಬೋರ್ಡನ್ನು ನೋಡಿದೆ. ‘ಅದರಾಗಿನ ಟ್ರಾನ್ಸಿಸ್ಟರು ಇದರಾಗ ಐತ್ರಿ.’

ಅಕ್ಕೋರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ‘ಹೋತೇನ್ರಿ ಹಂಗಾರ?’ ಎಂದರು.

ಕಾಕಾ ಗಂಟಲು ಸರಿಮಾಡಿಕೊಂಡರು. ‘ಹಂಗಲ್ಲದು. ಅಕ್ಕೋರ, ಮನ್ಯಾಗ ತಗಡಿನ ಬಿಸ್ಕೀಟ ಡಬ್ಬಿ ಐತೇನು?’

ಅಕ್ಕೋರು ಸೂಜಿ-ಗುಂಡಿ ಇಡುತ್ತಿದ್ದ ಡಬ್ಬಿಯ ಮುಚ್ಚಳ ಬಂತು. ಹೊರಬದಿಗೆ ಗುಲಾಬಿ ಹೂವಿನ ಚಿತ್ರ. ಒಳಬದಿ ಬೆಳ್ಳಗೆ ಹೊಳೆಯುವ ತಗಡು, ಬೆಸುಗೆ ಚೆನ್ನಾಗಿ ಹಿಡಿಯುವಂಥದ್ದು. ಕಾಕಾನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಬೆಸುಗೆ ಹಾಕುವಂತಿರಲಿಲ್ಲ. ಕೈ ನನ್ನದೇ ಆಗಬೇಕಿತ್ತು. ಚೀಲದಲ್ಲಿ ತಂದಿದ್ದ ಬೆಸುಗೆಕೋಲು ಕಾಯಿಸಿ, ಪಡಸಾಲೆಯಲ್ಲಿ ಕೂತು, ಮೂರು ದಿನ ಕಟ್ಟಿದ್ದನ್ನು ಹತ್ತು ನಿಮಿಷದಲ್ಲಿ ಕಿತ್ತೆ. ಎಂಟು ಹುಡುಗಿಯರು ಸುತ್ತ ಕೂತು ಹೆರಿಗೆ ನೋಡುವವರಂತೆ ನೋಡುತ್ತಿದ್ದರು.

‘ಕಾಲು ಕಡಿ’ ಎಂದರು ಕಾಕಾ. ಕಡಿದೆ. ಬೆಂಕಿಕಡ್ಡಿ ಹಿಡಿದು, ಉಗುರು ಹಚ್ಚಿ ನೋಡಿದರು. ‘ಇನ್ನೂ ಕಡಿ.’ ಕಡಿದೆ. ಟ್ರಾನ್ಸಿಸ್ಟರನ್ನು ಅಂಗಾತ ಮಲಗಿಸಿದೆ. ಗುಟುಕು ಕೊಡುವ ಕೆಪ್ಯಾಸಿಟರನ್ನು ಮೂಲೆಯಿಂದ ಕರೆತಂದು ಅದರ ಪಕ್ಕೆಗೆ ಅಂಟಿಸಿದೆ, ಇನ್ನೊಂದು ಕಾಲನ್ನು ಸೀದಾ ತಗಡಿಗೆ. ಒಳಬರುವ ಬಾಯಿ ಮುಚ್ಚಳದ ಈ ತುದಿಗೆ, ಹೊರಹೋಗುವ ಬಾಯಿ ಆ ತುದಿಗೆ. ಆಮೇಲೆ ಮುಚ್ಚಳದ ಅಂಚಿನಿಂದಲೇ ಒಂದು ಪಟ್ಟಿ ಕತ್ತರಿಸಿ, ಟ್ರಾನ್ಸಿಸ್ಟರಿನ ನಡುಮಧ್ಯೆ ಗೋಡೆಯಂತೆ ನಿಲ್ಲಿಸಲು ಹೇಳಿದರು.

‘ಇದ್ಯಾಕ್ರೀ ಅಜ್ಜಾ?’ ಎಂದು ಒಬ್ಬಳು ಕೇಳಿದಳು.

‘ಮದವಿಯಾಗ ಗಂಡು-ಹೆಣ್ಣಿನ ನಡುವ ಅಂತರಪಟ ಹಿಡೀತಾರಲ್ಲವಾ, ಹಂಗ. ಅಲ್ಲಿ ಆಮ್ಯಾಲ ಸರಸತಾರ. ಇಲ್ಲಿ ಸರಸೂ ಮಾತ ಇಲ್ಲ.’

ನನ್ನ ನಾಲಿಗೆಯ ತುದಿಗೆ ಅವರ ದನಿ ಎರಡು ಮೂರು ಸಲ ಬಂತು. ನುಂಗಿಕೊಂಡೆ. ಕೈಯಲ್ಲಿ ಬೆಸುಗೆಕೋಲು, ಗೋಡೆಯ ಗಡಿಯಾರದಲ್ಲಿ ಐದಾಗಲು ಹತ್ತು ನಿಮಿಷ. ಹೊರಗೆ ಒಬ್ಬೊಬ್ಬರೇ ತಂದೆತಾಯಿಗಳು ಬಂದು, ಚಪ್ಪಲಿ ಬಿಟ್ಟು, ‘ಹತ್ತೇತೇನ್ರಿ ಟಿವಿ?’ ಎಂದು ಕೇಳಿ, ಅಕ್ಕೋರ ಮುಖ ನೋಡಿ ಗೋಡೆಗೆ ಸರಿದು ಕೂರುತ್ತಿದ್ದರು. ಮಾಡಿ ಮುಗಿಸಿದಾಗ ಅದು ಅಂಗಡಿಯಲ್ಲಿ ಬಿಟ್ಟು ಬಂದ ಜಿರಳೆಯ ಖಾಸಾ ತಮ್ಮನಂತಿತ್ತು. ಗುಲಾಬಿ ಹೂವೊಂದು ಹೆಚ್ಚು.

ಐದೂಕಾಲಿಗೆ ಮಾಳಿಗೆ ಹತ್ತಿ ಕಟ್ಟಿದೆ. ಕೇಬಲ್ಲಿನಿಂದ ಕೈ ತೆಗೆದೆ. ಬಲಗಾಲು ಊರಿದೆ. ಎಡಗಾಲನ್ನೂ ಊರಿದೆ. ಯಾರೂ ಕೂಗಲಿಲ್ಲ.

‘ಏನ ಆತು?’ ಎಂದು ನಾನೇ ಕೇಳಿದೆ, ನನ್ನದೇ ದನಿಯಲ್ಲಿ.

ಅಂಗಳದಲ್ಲಿ ಯಾರೂ ಇರಲಿಲ್ಲ. ಸುದ್ದಿ ದಾಟಿಸುವ ಎಂಟೂ ಜನ ಟಿವಿ ಮುಂದೆ ಹೋಗಿ ಕೂತುಬಿಟ್ಟಿದ್ದರು. ಇಳಿದು ಬಾಗಿಲಿಗೆ ಬಂದೆ. ಪರದೆಯ ಮೇಲೆ ಒಬ್ಬ ಮನುಷ್ಯ ಹೂಕೋಸಿಗೆ ಗೊಬ್ಬರ ಹಾಕುವುದನ್ನು ಮರಾಠಿಯಲ್ಲಿ ವಿವರಿಸುತ್ತಿದ್ದ. ಅಲ್ಲೊಂದು ಇಲ್ಲೊಂದು ಅಕ್ಕಿಕಾಳು, ಅಷ್ಟೆ. ಅವನ ಮೀಸೆಯ ಒಂದೊಂದು ಕೂದಲು ಎಣಿಸಬಹುದಿತ್ತು. ಇಪ್ಪತ್ತೈದು ಜನ ಉಸಿರು ಬಿಗಿಹಿಡಿದು ಹೂಕೋಸು ನೋಡುತ್ತಿದ್ದರು.

ಆಮೇಲೆ ಲೇಝೀಮು ಬಂತು. ಎಂಟು ಹುಡುಗಿಯರು, ಬಿಳಿ ರವಿಕೆ, ಕಚ್ಚೆ ಸೀರೆ. ‘ಆಲೀ, ಆಲೀ’, ಬಂದಳು ಬಂದಳು, ಎಂದು ಒಬ್ಬ ತಾಯಿ ಮರಾಠಿಯಲ್ಲೇ ಶುರುಮಾಡಿ, ‘ಸರೀರಿ, ಕಾಣವಲ್ದು’ ಎಂದು ಕನ್ನಡದಲ್ಲಿ ಮುಗಿಸಿದಳು. ಕುಣಿತದ ನಡುವೆ ಮೂರನೆಯವಳ ರಿಬ್ಬನ್ನು ಬಿಚ್ಚಿ ಬಿತ್ತು. ಅವಳು ತಾಳ ತಪ್ಪದೆ ಅದನ್ನು ಕಾಲಿನಿಂದ ಪಕ್ಕಕ್ಕೆ ಒದ್ದಳು. ಮುಂಬಯಿಯಿಂದ ಬಂದ ಮೇಲೂ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಇಡೀ ಪಡಸಾಲೆ ನಕ್ಕಿತು; ಅವಳು ಮುಂದೆ ಕೂತವಳ ಬೆನ್ನಿಗೆ ಮುಖ ಒತ್ತಿಕೊಂಡು, ಒಂದು ಕಣ್ಣಿನಿಂದ ಮಾತ್ರ ನೋಡಿದಳು. ಅಕ್ಕೋರು ಟಿವಿ ನೋಡಲೇ ಇಲ್ಲ. ಅದರ ಪಕ್ಕ ಗೋಡೆಗೊರಗಿ, ನೋಡುತ್ತಿರುವವರನ್ನು ನೋಡುತ್ತ, ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಏಳು ನಿಮಿಷ ಮುಗಿಯಿತು. ಮರಾಠಿ ಮೀಸೆ ಮತ್ತೆ ಬಂತು, ಈ ಸಲ ಬದನೆಕಾಯಿಯ ಜೊತೆ. ಯಾರೂ ಏಳಲಿಲ್ಲ, ಮತ್ತೊಮ್ಮೆ ತೋರಿಸಿಯಾರೇನೋ ಎಂಬ ಆಸೆ.

ಅಕ್ಕೋರು ಎಲ್ಲರಿಗೂ ಚಹಾ ಮಾಡಿದರು. ನನಗೂ ಕಪ್ಪಿನಿಂದ ಒಂದು ಬಸಿಗೆ ಸುರಿದು ಕೊಟ್ಟರು. ನನ್ನ ಹಳೆಯ ಬೋರ್ಡು, ಎಲ್ಲ ಕಿತ್ತ ಮೇಲೂ ದಡಿ ಗೆರೆ ಹಾಗೇ ಇದ್ದದ್ದು, ಅಲ್ಲೇ ಬಿದ್ದಿತ್ತು. ಅದನ್ನು ತಿರುಗಿಸಿ ನೋಡಿ, ‘ಖರೇನ ಚಂದ ಐತಿ. ಹಿತ್ತಲದಾಗ ಗುಬ್ಬೀಗಿ ಕಾಳು ಹಾಕಾಕ ಆಕ್ಕೈತಿ’ ಎಂದು ಒಳಗೆ ತೆಗೆದಿಟ್ಟರು. ನಾನು ಬಸಿ ತೆಗೆದುಕೊಂಡು, ಆದಷ್ಟು ಕಾಣದಂತೆ, ಬಾಗಿಲ ಹಿಂದಿನ ಮೂಲೆಯಲ್ಲಿ ಕೂತೆ.

ಅಷ್ಟರಲ್ಲಿ ಸಾವಕಾರರು ಬಂದರು. ಹೊತ್ತು ಮುಳುಗುವುದರೊಳಗೆ ಊಟಕ್ಕೆಂದು ಮೊಮ್ಮಗಳನ್ನು ಕರೆದೊಯ್ಯಲು ಬಂದವರು, ಮುಖ ಅರಳಿತ್ತು. ಅವರ ಮನೆಯಲ್ಲೂ ಐದೂಕಾಲಿಗೆ ಸರಿಯಾಗಿ ಮೀನಿನ ಎಲಬು ಮಾಯವಾಗಿ, ನಾಲ್ಕನೆಯ ಹುಡುಗಿ ನಿಚ್ಚಳ ಕಂಡಿದ್ದಳು. ಕಾಕಾನಿಗೆ ಕೈ ಮುಗಿದು ಎದುರಿಗೆ ಕೂತರು. ಆಮೇಲೆ ಏನೋ ನೆನಪಾದವರಂತೆ ಹುಬ್ಬು ಗಂಟಿಕ್ಕಿದರು.

‘ಕಾಕಾ, ಒಂದ ಕೇಳ್ತೀನಿ. ಮಧ್ಯಾಹ್ನ ಮಾಳಗಿ ಮ್ಯಾಲಿಂದ ಮೋಡ ಅಂದ್ರಿ. ನಾ ಹೊರಗ ಬಂದು ಘಟ್ಟದ ಕಡೆ ನೋಡಿದೆ. ಆಕಾಶ ತೊಳದ ತಾಟಿನಂಗ ಇತ್ತು. ಎಲ್ಲಿತ್ರೀ ಆ ಮೋಡ?’

ಹುಡುಗಿಯರು ಒಬ್ಬರನ್ನೊಬ್ಬರು ಚಿವುಟಿಕೊಂಡರು. ಅಕ್ಕೋರು ನನ್ನ ಕಡೆ ನೋಡಿದರು. ನಾನು ಬಸಿಯೊಳಗೆ ನೋಡಿದೆ. ಕಾಕಾ ಎರಡು ಸಲ ಗಂಟಲು ಸರಿಮಾಡಿಕೊಂಡರು.

‘ಹಂಗಲ್ಲದು, ಸಾವಕಾರ್ರ. ಮೋಡ ಇನ್ನೂ ಹೋಗಿಲ್ಲ. ಅಲ್ಲಿ ಬಾಗಲ ಹಿಂದ ಕುಂತು ಚಹಾ ಕುಡ್ಯಾಕತ್ತೈತಿ.’